ಕಡ್ಲಿ ಬರೂತನಕ ಜಪಾನಿ ಖೋಲಿ

ಹೋದ ವಾರ ಹೊಳೆಆಲೂರು ಸ್ಟೇಷನ್ನಿನಿಂದ ರೋಣದ ಬಸ್ಸು ಹಿಡಿದಿದ್ದೆ. ದಾರಿಯಲ್ಲಿ ಹತ್ತಿದ ಅಜ್ಜನೊಬ್ಬ ಹೊಸ ಗೋಣಿಚೀಲದ ದೊಡ್ಡ ಕಟ್ಟನ್ನು ಹೆಗಲಿಂದ ನೇರ ನನ್ನ ತೊಡೆಯ ಮೇಲೆ ಇಳಿಸಿ, "ಹಿಡ್ಕೋ ತಮ್ಮಾ, ನಿನ್ನ ತೊಡಿ ಖಾಲಿ ಅದಾವಲ್ಲ" ಅಂದ. ಸೆಣಬಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಹೊಸ ಗೋಣಿಚೀಲ ಅಂದರೆ ಸುಗ್ಗಿ ನೆನಪಾಗಬಹುದು. ನನಗೆ ಜಪಾನು ನೆನಪಾಗುತ್ತದೆ. ಅಜ್ಜನಿಗೂ ಹಾಗೇ ಹೇಳಿದೆ. ಅವನು ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿ, "ರಾತ್ರಿ ನಿದ್ದಿ ಆಗಿಲ್ಲೇನು?" ಎಂದು ಕೇಳಿದ.

ನಿದ್ದೆ ಆಗಿತ್ತು. ಆದರೆ ಆ ಹಿಂಗಾರಿಯ ಕತೆ ಒಂದು ಬಸ್ ಪ್ರಯಾಣದಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಆಗ ನಾನು ಡಿಗ್ರಿ ಮುಗಿಸಿ ಯಾವಗಲ್ಲಿನ ನಮ್ಮ ಮನೆಯಲ್ಲಿ ಖಾಲಿ ಕೂತಿದ್ದೆ. ಪೂರ್ತಿ ಖಾಲಿ ಅಂದರೆ ಸುಳ್ಳಾಗುತ್ತದೆ, ಮಿಮಿಕ್ರಿ ಮಾಡುತ್ತಿದ್ದೆ. ಊರಿನ ಅರ್ಧ ಜನರ ದನಿ ನನ್ನ ಗಂಟಲಲ್ಲಿ ಬಾಡಿಗೆಗೆ ಇತ್ತು. ಕಂಡಕ್ಟರ್ ದನಿಯಲ್ಲಿ "ರೈಟ್" ಅಂದು ಬಸ್ಸು ಬಿಡಿಸಿ, ನಿಜವಾದ ಕಂಡಕ್ಟರ್ ಚಹಾದ ಕಪ್ಪು ಹಿಡಿದುಕೊಂಡೇ ಹಿಂದೆ ಓಡಿ ಬರುವಂತೆ ಮಾಡಿದ್ದೂ ಉಂಟು. ಈ ಕಲೆಯನ್ನು ಗುರುತಿಸಿದವರು ಗಣಪತಿ ಪೆಂಡಾಲಿನವರು ಮಾತ್ರ. ಅವರೂ ಮೈಕು ಕೆಟ್ಟಾಗಷ್ಟೇ ಕರೆಯುತ್ತಿದ್ದರು, ನನ್ನ ಬಾಯಿ ದೊಡ್ಡದು ಅಂತ.

ಆ ಬಾಯಿಗೆ ಕೆಲಸ ಕೊಟ್ಟವಳು ಗಂಗಕ್ಕ. ರೋಣದಲ್ಲಿ ರೈತರ ಕಾಳು ಸವಾಲಿಗಿಟ್ಟು ಮಾರಿಸುವ ಅಡತಿ ಅಂಗಡಿ ಇಟ್ಟಿದ್ದ ಈರಪ್ಪ ಸಾವಕಾರ್ರ ಸೊಸೆ. ಅವಳ ಅಪ್ಪ ಪುಣೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿ ಜಪಾನಿ ಭಾಷೆ ಕಲಿತಿದ್ದಳು. ಮದುವೆಯಾಗಿ ರೋಣಕ್ಕೆ ಬಂದ ಮೇಲೆ ಆ ಭಾಷೆಯನ್ನು ಯಾರ ಜೊತೆ ಆಡುವುದು? ಬಾವಿಗೆ ಬಗ್ಗಿ ಆಡಬೇಕಿತ್ತು. ಅಂಥದ್ದರಲ್ಲಿ ಹಳೆಯ ಗೆಳತಿಯೊಬ್ಬಳ ಮೂಲಕ ಜಪಾನಿನ ಒಂದು ಸಣ್ಣ ತಂಡದ ಪರಿಚಯವಾಯಿತು. ಶಾಲೆ ಮಕ್ಕಳ ಪಾಠಗಳನ್ನು ವೆಬ್ ಪುಟಗಳಲ್ಲಿ ಹಾಕುವ ತಂಡ ಅದು.

ಜಪಾನಿಯಲ್ಲಿ ಚಿತ್ರದಂಥ ದೊಡ್ಡ ಅಕ್ಷರಗಳಿವೆ. ನೋಡಿದರೆ ಅರ್ಥ ಹೊಳೆದೀತು, ಉಚ್ಚಾರ ಹೊಳೆಯುವುದಿಲ್ಲ. ಅದಕ್ಕೇ ಮಕ್ಕಳಿಗೆಂದು ಬರೆದದ್ದರಲ್ಲಿ ದೊಡ್ಡ ಅಕ್ಷರದ ತಲೆಯ ಮೇಲೆ ಇರುವೆ ಸಾಲಿನಂತೆ ಸಣ್ಣ ಅಕ್ಷರ ಕೂರಿಸಿ, ಇದನ್ನು ಹೀಗೆ ಓದು ಎಂದು ತೋರಿಸಿರುತ್ತಾರೆ. ವೆಬ್ ಪುಟದಲ್ಲಿ ಅದು ಬರಬೇಕಾದರೆ ಪ್ರತಿ ಪದಕ್ಕೂ ಗುರುತು ಹಾಕಬೇಕು: ಇಲ್ಲಿಂದ ಇಲ್ಲಿಗೆ ದೊಡ್ಡದು, ಅದರ ತಲೆಯ ಮೇಲೆ ಈ ಸಣ್ಣದು. ಆ ಗುರುತಿಗೆ ರೂಬಿ ಎಂದು ಹೆಸರು. ಯಂತ್ರವೂ ಹಾಕುತ್ತದೆ, ಆದರೆ ಅಲ್ಲಲ್ಲಿ ಎಡವುತ್ತದೆ. ಕೂತು ಕಣ್ಣಿಟ್ಟು ಹಾಕುವವರು ಬೇಕಾಗಿದ್ದರು. ಮೊದಲು ಪರೀಕ್ಷೆಗೆ ಒಂದು ಕಂತು ಪಾಠ. ಅದು ಒಪ್ಪಿಗೆಯಾದರೆ ಕೆಲಸ ಖಾಯಂ.

ಜಾಗ ಒಂದೇ ಇತ್ತು, ಸಾವಕಾರ್ರ ಮನೆಯ ಮಾಳಿಗೆ ಮೇಲಿನ ಖೋಲಿ. ಗಂಗಕ್ಕ ಮಾವನ ಮುಂದೆ ನಿಂತು ಕೇಳಿದಳು. ಸಾವಕಾರ್ರು ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ವರ್ಗ ಮಾಡಿ ಹೇಳಿದರು, "ಕಡ್ಲಿ ಬರೂತನಕ ಖೋಲಿ ನಿಂದು ಗಂಗವ್ವಾ. ಕಡ್ಲಿ ಬಂತಂದ್ರ ಚೀಲ ಮ್ಯಾಲ ಹೋಗ್ತಾವ. ಅಷ್ಟರೊಳಗ ನಿಮ್ಮ ಜಪಾನದವರು ಹೂಂ ಅಂದ್ರ ಮುಂದಿಂದು ನೋಡೂಣು."

ನಮಗೆ ಅವಳು ಮೊದಲ ದಿನವೇ ಹೇಳಿದ್ದಳು. "ಈ ಮನಿಗೆ ಬಂದಾಗಿಂದ ನಾ ಏನೂ ಕೇಳಿದ್ದಿಲ್ಲ. ಇದೊಂದು ಕೇಳೀನಿ. ಎರಡನೇ ಸರ್ತಿ ಕೇಳಂಗಿಲ್ಲ. ಅದಕ್ಕ ಲಗೂ ಕಲೀರಿ."

ನಮಗೆ ಅಂದರೆ ನನಗೆ ಮತ್ತು ರೇಣುಕಾಗೆ. ರೇಣುಕಾ ಹೊಳೆಆಲೂರಿನವಳು, ಕೀಲಿಮಣೆಯ ಮೇಲೆ ಅವಳ ಬೆರಳು ಓಡುವುದು ಹುರಿಯುವ ಕಡ್ಲಿ ಸಿಡಿದಂತೆ ಕೇಳುತ್ತಿತ್ತು. ನಾಲಿಗೆ ಅದಕ್ಕಿಂತ ಚುರುಕು. ನನ್ನನ್ನು ಕಂಡ ಮೊದಲ ದಿನ, "ಇಂವಾ ಯಾಕ ಅಕ್ಕಾ? ಕೆಲಸಕ್ಕೋ, ಮನರಂಜನಿಗೋ?" ಎಂದು ಕೇಳಿದ್ದಳು.

"ಎರಡಕ್ಕೂ. ಪಗಾರ ಒಂದಕ್ಕ" ಎಂದಳು ಗಂಗಕ್ಕ.

ಆ ವರ್ಷ ಹಿಂಗಾರಿ ಮಳೆ ಹದವಾಗಿ ಬಿದ್ದಿತ್ತು. ಊರವರೆಲ್ಲ ಕಡ್ಲಿ ಬಿತ್ತುವ ಗಡಿಬಿಡಿಯಲ್ಲಿದ್ದಾಗ ನಾವು ಖೋಲಿಯಲ್ಲಿ ಕೂತು ಅಕ್ಷರ ಕಲಿಯುತ್ತಿದ್ದೆವು. ಸಣ್ಣ ಅಕ್ಷರಗಳು ಬೇಗ ಬಂದವು, ನಮ್ಮ ಕಾಗುಣಿತದ ದೂರದ ಬೀಗರಂತೆ ಇದ್ದವು. ದೊಡ್ಡವು ನನಗೆ ಹೊಲದಲ್ಲೇ ಸಿಕ್ಕವು. ಬೆಟ್ಟ ಅನ್ನುವ ಅಕ್ಷರ, 山, ಬೀಜ ಬಿತ್ತುವ ಮೂರು ತಾಳಿನ ಕೂರಿಗೆಯನ್ನು ತಲೆಕೆಳಗಾಗಿ ಇಟ್ಟಂತೆ. ಹೊಳೆ ಅನ್ನುವುದು, 川, ಬಿತ್ತಿದ ಮೂರು ಸಾಲು. ಗದ್ದೆ, 田, ಒಡ್ಡು ಹಾಕಿದ ನಾಲ್ಕು ಮಡಿ. ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ನಾನು ಎರಿಭೂಮಿಯನ್ನು ಜಪಾನಿಯಲ್ಲಿ ಓದಿಕೊಂಡು ಬರುತ್ತಿದ್ದೆ. ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು.

ಮೊದಲ ಸಲ ಗುರುತು ಹಾಕಿ ಪುಟ ತೆರೆದ ದಿನ ಮರೆಯುವಂಥದ್ದಲ್ಲ. ಅಲ್ಲಿಯತನಕ ದೊಡ್ಡದು ಸಣ್ಣದು ಎಲ್ಲ ಒಂದೇ ಸಾಲಿನಲ್ಲಿ ಸಂತೆಯ ಜನರಂತೆ ನುಗ್ಗಾಡುತ್ತಿದ್ದವು. ಗಂಗಕ್ಕ ಗುಂಡಿ ಒತ್ತಿದಳು. ಕೂರಿಗೆಯ ತಲೆಯ ಮೇಲೆ ಟಪ್ಪಂತ "ಯಾಮಾ" ಹತ್ತಿ ಕೂತಿತು. ಹೊಳೆಯ ಮೇಲೆ "ಕಾವಾ". ನಾನು ಎದ್ದು ನಿಂತುಬಿಟ್ಟೆ. ಯಾಕೆ ನಿಂತೆ ಅಂತ ಇವತ್ತಿಗೂ ಗೊತ್ತಿಲ್ಲ. ರೇಣುಕಾ ಕೂಡ ಎದ್ದಳು. ನಾನು ಎದ್ದದ್ದು ನೋಡಿ ಎದ್ದೆ, ಹಾವು ಗೀವು ಬಂತೇನೋ ಅಂದುಕೊಂಡೆ ಅಂತ ಆಮೇಲೆ ಹೇಳಿದಳು. ಆದರೆ ಅವಳ ಕಣ್ಣು ಪರದೆಯ ಮೇಲೇ ಇತ್ತು.

ಸಂಭ್ರಮದ ಬೆನ್ನಿಗೆ ತೊಂದರೆಗಳು ಬಂದವು. ಸಣ್ಣ ಅಕ್ಷರ ಇದ್ದ ಸಾಲು ಎತ್ತರ, ಇಲ್ಲದ ಸಾಲು ಗಿಡ್ಡ; ಪುಟ ನಮ್ಮೂರ ರಸ್ತೆಯಂತೆ ಏರಿಳಿಯುತ್ತಿತ್ತು. ಉದ್ದ ಉಚ್ಚಾರದ ಸಣ್ಣ ಅಕ್ಷರಗಳು ಪಕ್ಕದ ಅಕ್ಷರದ ಮೇಲೆ, ಬಸ್ಸಿನಲ್ಲಿ ನಿದ್ದೆ ಬಂದವನು ವಾಲಿದಂತೆ ವಾಲುತ್ತಿದ್ದವು. ಗಂಗಕ್ಕ ಸಾಲಿನ ಅಂತರ ಹೆಚ್ಚಿಸಿ, ಜಾಗ ಬಿಡಿಸಿ, ಒಂದೊಂದನ್ನೂ ನೆಟ್ಟಗೆ ಕೂರಿಸಿದಳು. "ಸರಿದು ಕೂಡ್ರಿ, ಸರಿದು ಕೂಡ್ರಿ" ಎಂದು ನಾನು ಕಂಡಕ್ಟರ್ ದನಿಯಲ್ಲಿ ಸಹಕರಿಸಿದೆ.

ಕೆಲಸದ ರೀತಿ ಹೀಗಿತ್ತು. ನಾನು ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಬೇಕು. ಗಂಗಕ್ಕ ಕೇಳಿ ತಪ್ಪಿದ್ದರೆ ತಡೆಯಬೇಕು. ರೇಣುಕಾ ಗುರುತು ಹಾಕಬೇಕು. ಸಪ್ಪೆಯಾಗಿ ಓದಿದರೆ ಮಧ್ಯಾಹ್ನದ ಹೊತ್ತಿಗೆ ಮೂವರಿಗೂ ತೂಕಡಿಕೆ. ಅದಕ್ಕೆ ನಾನು ಪಾತ್ರಕ್ಕೊಂದು ದನಿ ಹಂಚಿದೆ. ಮೊಲಕ್ಕೆ ನಮ್ಮ ಸಾಲಿ ಮಾಸ್ತರ್ರ ದನಿ, ಆಮೆಗೆ ಬಸ್ ಡ್ರೈವರ್, ಮುದಿ ನರಿಗೆ ಸವಾಲು ಕೂಗುವ ಈರಪ್ಪ ಸಾವಕಾರ್ರು. ಒಂದು ದಿನ ನರಿ ಭಾಳ ಹುರುಪಿನಲ್ಲಿ ಭಾಷಣ ಮಾಡುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಬಾಗಿಲಲ್ಲಿ ಸಾವಕಾರ್ರೇ ನಿಂತಿದ್ದರು.

"ಯಾರಪಾ ಅದು, ನನ್ನ ದನಿಯೊಳಗ ಬ್ಯಾರೆ ಭಾಷಾ ಮಾತಾಡಾಕತ್ತಾರ?"

ರೇಣುಕಾ ಬೆರಳಿಂದ ತೋರಿಸಲಿಲ್ಲ, ಗದ್ದದಿಂದ ನನ್ನನ್ನು ತೋರಿಸಿದಳು.

"ಪಾತ್ರ ಯಾವುದೋ?"

"ರಾಜಾರದ್ರಿ" ಅಂದೆ.

"ನರೀದ್ರೀ" ಅಂದಳು ರೇಣುಕಾ.

ಸಾವಕಾರ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನರಿಗೆ ವ್ಯಾಪಾರ ತಿಳೀತದ. ಆದ್ರ ನಾ ಕೂಗುವಾಗ ಕಡೀಗೆ ಹಂಗ ಎಳಿಯಂಗಿಲ್ಲ, ಕಡಿತೀನಿ" ಎಂದು ತಿದ್ದಿ ಕೆಳಗಿಳಿದರು. ಅವರ ದನಿಯನ್ನು ಅವರೇ ತಿದ್ದಿಕೊಟ್ಟಿದ್ದರು. ನನ್ನ ನರಿ ಅವತ್ತಿನಿಂದ ಎಲ್ಲಿಯೂ ಎಳೆಯಲಿಲ್ಲ.

ಆದರೆ ನಾವು ಎಡವಿದ್ದು ಓದುವಲ್ಲಿ ಅಲ್ಲ, ಬಡಿಸುವಲ್ಲಿ. ಜಪಾನಿನಿಂದ ನಮ್ಮ ಜೊತೆ ಮಾತಾಡುತ್ತಿದ್ದವರು ಮಿದೋರಿ ಎಂಬ ಟೀಚರು. ಪಾಠಗಳು ಐದನೇ ಇಯತ್ತೆಯವು, ಮಕ್ಕಳಿಗೆ ಬೇಕಾದ ಕಡೆ ಸಣ್ಣ ಅಕ್ಷರ ಹಾಕಿ ಎಂದು ಅವರು ಮೊದಲೇ ಬರೆದಿದ್ದರು. ಬೇಕಾದ ಕಡೆ ಅಂದರೆ ಎಲ್ಲಿ? ಇದರ ಚರ್ಚೆ ಊಟದ ಹೊತ್ತಿಗೆ ನಡೆಯಿತು. ಸಾವಕಾರ್ರ ಹೆಂಡತಿ ನೀಲವ್ವ ದಿನಾ ನಮಗೆ ಬಿಸಿ ರೊಟ್ಟಿ ಬಡಿಸುತ್ತಿದ್ದರು. ಅವರ ಮುಂದೆ "ಸಾಕ್ರಿ" ಅನ್ನುವ ಮಾತಿಗೆ ಬೆಲೆ ಇರಲಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ರೊಟ್ಟಿ ಬೀಳುತ್ತಿತ್ತು.

"ಸಾದಾ ಅಕ್ಷರಕ್ಕೆಲ್ಲ ಯಾಕ ಹಾಕಬೇಕ್ರಿ? ಐದನೇದವರಿಗೆ ಬೆಟ್ಟ ಓದಾಕ ಬರಾಂಗಿಲ್ಲೇನು?" ರೇಣುಕಾ ಕೇಳಿದಳು.

ಗಂಗಕ್ಕ ತುತ್ತು ಕೈಯಲ್ಲಿ ಹಿಡಿದು ಯೋಚಿಸಿದಳು. "ಯಾವುದು ಬರ್ತದ, ಯಾವುದು ಬರಾಂಗಿಲ್ಲ ಅಂತ ಕೇಳೂಣೇನು?"

ನೀಲವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ ನಡುವೆ ಬಂದರು. "ಏನು ಕೇಳೂದು? ಮಕ್ಕಳಿಗೆ ಹಸಿವೇನು ಅಂತ ಕೇಳ್ತಾರೇನು? ಹಾಕ್ರಿ. ಬ್ಯಾಡಾದ್ರ ಬಿಡ್ತಾವ."

ಅಷ್ಟೇ ಸಾಕಾಯಿತು. ಕೇಳುವುದೇ ಒಂದು ನಾಚಿಕೆ ಅನ್ನಿಸಿತು ನಮಗೆ. ಸಾಲಿನಲ್ಲಿ ಒಂದು ಅಕ್ಷರ ಬೋಳು ತಲೆಯಲ್ಲಿ ಕೂತರೆ ಪಂಗ್ತಿಯಲ್ಲಿ ಒಬ್ಬನ ಎಲೆ ಖಾಲಿ ಬಿಟ್ಟಂತೆ. ಒಂದು, ಎರಡು, ಮನುಷ್ಯ, ಬಾಯಿ, ಮರ, ಯಾವುದನ್ನೂ ಬಿಡಲಿಲ್ಲ. ಎಲ್ಲರ ತಲೆಗೂ ಟೋಪಿ. ಪುಟ ತುಂಬಿ ತುಳುಕುತ್ತಿತ್ತು. ನೋಡಿ ನೋಡಿ ನಾವೇ ಖುಷಿಪಟ್ಟೆವು. ಮಿದೋರಿ ಟೀಚರಿಗೆ ಕಳಿಸಿದೆವು.

ಅವರಿಂದ ಎರಡು ದಿನ ಸುದ್ದಿಯಿಲ್ಲ. ಆಮೇಲೆ, ಮಕ್ಕಳು ಓದುವುದನ್ನು ನೀವೇ ಕೇಳಿ ಎಂಬ ಮಾತು ಬಂತು. ಅಲ್ಲಿ ಮಧ್ಯಾಹ್ನದ ತರಗತಿ, ನಮಗೆ ಬೆಳಗಿನ ನಾಷ್ಟಾ ಹೊತ್ತು. ಗಂಗಕ್ಕ ಹೊಸ ಸೀರೆ ಉಟ್ಟಿದ್ದಳು. ನಾನು ತಲೆಗೆ ಎಣ್ಣೆ ಹಚ್ಚಿದ್ದೆ, ರೇಣುಕಾ ಅದನ್ನು ನೋಡಿ "ಕ್ಯಾಮರಾಕ್ಕ ಜಾರಿಕಿ ಆಗ್ತದ" ಅಂದಳು. ಪರದೆಯಲ್ಲಿ ಕೆಂಪು ಕೆನ್ನೆಯ ಮಕ್ಕಳು ಕಂಡವು. ಒಂದೊಂದಾಗಿ ಎದ್ದು ನಮ್ಮ ಪುಟ ಓದತೊಡಗಿದವು. ರೋಣದ ಖೋಲಿಯಲ್ಲಿ ಕೂರಿಸಿದ ಅಕ್ಷರ ಸಮುದ್ರದಾಚೆ ಮಕ್ಕಳ ಬಾಯಲ್ಲಿ ಮಾತಾಗಿ ಬರುತ್ತಿತ್ತು. ರೇಣುಕಾ ನನ್ನ ತೋಳು ಚಿವುಟಿದಳು. ಗಂಗಕ್ಕನ ಕಣ್ಣು ತುಂಬಿತ್ತು. ಒಂದೂ ತಪ್ಪಿಲ್ಲ.

ನನಗೆ ಮಾತ್ರ ಏನೋ ಚುಚ್ಚುತ್ತಿತ್ತು. ನನಗೆ ಜಪಾನಿ ಅರ್ಥವಾಗುವುದು ಅಷ್ಟಕ್ಕಷ್ಟೇ, ನಾನು ಕೇಳುವುದು ದನಿ. ಕಣ್ಣು ಮುಚ್ಚಿ ಕೇಳಿದೆ. ಎಲ್ಲ ಮಕ್ಕಳ ಓದೂ ಒಂದೇ ರಾಗ: ತಾ, ತಾ, ತಾ, ತಾ. ಅದು ಐದನೇ ಇಯತ್ತೆಯ ಓದಲ್ಲ. ನಮ್ಮ ಒಂದನೇ ಇಯತ್ತೆಯಲ್ಲಿ ಕೋಲು ತೋರಿಸಿದಲ್ಲಿ ಕಾಗುಣಿತ ಒದರುತ್ತಿದ್ದೆವಲ್ಲ, ಅದೇ. ತಡೆಯಲಾಗಲಿಲ್ಲ. ಕಡೆಯ ಹುಡುಗ ಕೂತ ಮೇಲೆ ಅವನ ಸಾಲನ್ನೇ ಅವನ ರಾಗದಲ್ಲೇ ನಾನು ಓದಿ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಗಂಗಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಮಿದೋರಿ ಟೀಚರೂ ನಕ್ಕರು, ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ನಾನು ಹೇಗೆ ಹೇಳಲಿ ಅಂತ ಎರಡು ದಿನ ಯೋಚಿಸುತ್ತಿದ್ದೆ. ನೀವು ಕೇಳಿಸಿಕೊಂಡಿರಿ. ಸಣ್ಣ ಅಕ್ಷರ ಇದ್ದರೆ ಮಕ್ಕಳ ಕಣ್ಣು ಅಲ್ಲೇ ನಿಲ್ಲುತ್ತದೆ. ದೊಡ್ಡದನ್ನು ನೋಡುವುದೇ ಇಲ್ಲ." ಅವರು ಸಣ್ಣ ಅಕ್ಷರಗಳನ್ನು ತೆಗೆದು ಅದೇ ಸಾಲನ್ನು ಮತ್ತೆ ಓದಿಸಿದರು. ಮೊದಲೇ ಕಲಿತ ಅಕ್ಷರದ ಮುಂದೆಯೂ ಆ ಹುಡುಗ ತೊದಲಿದ. "ಈ ತಿಂಗಳ ಕೊನೆಗೆ ಇನ್ನೊಂದು ಸಲ ನೋಡೋಣವೇ? ಆಮೇಲೆ ನಮ್ಮ ಶಾಲೆಯ ವರ್ಷ ಮುಗಿಯುತ್ತದೆ" ಎಂದರು.

ಪರದೆ ಆರಿತು. ಕೆಳಗಿನಿಂದ ನೀಲವ್ವ ಕೂಗಿದರು, "ಮಕ್ಕಳು ಉಂಡುವೇನ?"

"ಅಜೀರ್ಣ ಆಗೇತ್ರಿ" ಅಂದೆ.

ಗಂಗಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಳಿಸೂದು ಬ್ಯಾಡ. ಅಡಗಸೂಣು. ಕಲಿತ ಅಕ್ಷರದ ಮ್ಯಾಲಿಂದು ಕಾಣಬಾರದು. ಮರ್ತಿದ್ರ ಬೆರಳಿಟ್ಟ ಕೂಡ್ಲೇ ಬರಬೇಕು. ಕೇಳಿದ್ರ ಅಷ್ಟೇ ಬಡಸೂದು."

ಹೇಳಿದಷ್ಟು ಸುಲಭ ಇರಲಿಲ್ಲ. ಪ್ರತಿ ಅಕ್ಷರಕ್ಕೂ ಅದನ್ನು ಯಾವ ಇಯತ್ತೆಯಲ್ಲಿ ಕಲಿಸುತ್ತಾರೆ ಎಂಬ ಗುರುತನ್ನು ಹೊಸದಾಗಿ ಹಾಕಬೇಕು. ಜೋಡಿ ಅಕ್ಷರದ ಪದದಲ್ಲಿ ಒಂದು ಗೊತ್ತಿದ್ದು ಇನ್ನೊಂದು ಗೊತ್ತಿಲ್ಲದಿದ್ದರೆ, ಎರಡರ ಮೇಲೂ ಹೊದಿಸಿದ್ದ ಒಂದೇ ಸಾಲನ್ನು ಬಿಡಿಸಿ ಯಾರದು ಯಾರಿಗೆ ಅಂತ ಹಂಚಬೇಕು. ಕೆಲವು ಪದಗಳಂತೂ ಹಂಚಿಕೆಗೆ ಬರುವುದೇ ಇಲ್ಲ. ಇವತ್ತು ಅನ್ನುವುದಕ್ಕೆ ಎರಡು ಅಕ್ಷರ, 今日, ಉಚ್ಚಾರ ಮಾತ್ರ "ಕ್ಯೋ". ಅದರಲ್ಲಿ ಎಷ್ಟು ಮೊದಲನೆಯದರದು, ಎಷ್ಟು ಎರಡನೆಯದರದು ಅಂತ ಯಾವ ಪಂಚರೂ ಹೇಳಲಾರರು. "ಇವರಿಬ್ಬರೂ ಕೂಡಿ ಇರೋ ಅಣ್ಣತಮ್ಮರು, ಪಾಲು ಮಾಡಬ್ಯಾಡ್ರಿ" ಎಂದು ನಾನು ತೀರ್ಪು ಕೊಟ್ಟೆ. ರೇಣುಕಾ ಅಂಥವುಗಳಿಗೆ ಅಣ್ಣತಮ್ಮರು ಅಂತಲೇ ಹೆಸರಿಟ್ಟಳು. ದಿನಕ್ಕೆ ಹತ್ತು ಸಲ "ಅಕ್ಕಾ, ಇಲ್ಲೊಂದು ಅಣ್ಣತಮ್ಮರು" ಎಂಬ ಕೂಗು ಕೇಳುತ್ತಿತ್ತು.

ನಾವು ಒಳಗೆ ಓಡುತ್ತಿದ್ದರೆ ಹೊರಗೆ ಬಿಸಿಲು ನಮಗಿಂತ ಜೋರಾಗಿ ಓಡುತ್ತಿತ್ತು. ಆ ವರ್ಷ ಶಿವರಾತ್ರಿಗೆ ಮೊದಲೇ ಗಾಳಿ ಬಿಸಿಯಾಯಿತು. ನಾನು ಬರುವ ದಾರಿಯ ಹೊಲಗಳಲ್ಲಿ ಕಡ್ಲಿ ಹಸಿರು ಬಿಟ್ಟು ಹಳದಿಯಾಯಿತು, ಹಳದಿ ಬಿಟ್ಟು ಕಂದಾಯಿತು. ಜನ ಕಡ್ಲಿ ಗಿಡ ಕಿತ್ತು ಸುಲಗಾಯಿ ಸುಟ್ಟು ತಿನ್ನುತ್ತಿದ್ದರು. ಕೊಟ್ಟರೆ ನಾನೂ ತಿನ್ನುತ್ತಿದ್ದೆ, ಆದರೆ ಒಂದೊಂದು ಕಾಳಿಗೂ ಖೋಲಿಯ ದಿನ ಎಣಿಸುತ್ತಿದ್ದೆ. ಕಡ್ಲಿಗೆ ಇಷ್ಟೊಂದು ಅವಸರ ಯಾಕೆ ಅಂತ ಅದಕ್ಕೇ ಬೈದಿದ್ದೇನೆ. ನಮ್ಮಪ್ಪ ಕೇಳಿಸಿಕೊಂಡು, "ಬಂಗಾರದಂಥ ಬೆಳಿಗೆ ಬೈತೀಯಲ್ಲೋ ಮಂಜ್ಯಾ, ಯಾರ ಪೈಕಿ ಆದಿ ನೀನು?" ಎಂದು ಗದರಿದ.

ಕೊನೆಗೆ ಒಂದು ಸಂಜೆ ಸಾವಕಾರ್ರು ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದರು. "ಗಂಗವ್ವಾ, ನಾಳೆ ಮುಂಜಾನೆ ಚಿಕ್ಕನರಗುಂದದ ಟ್ರ್ಯಾಕ್ಟರ್ ಬರ್ತದ."

"ಹೂನ್ರಿ ಮಾವಾರ" ಅಂದಳು ಅವಳು.

ನಾಳೆ ಮುಂಜಾನೆಯೇ ಮಕ್ಕಳ ಓದೂ ಇತ್ತು. ಒಂದು ದಿನ ತಡೀರಿ ಅನ್ನಲು ನಾನು ಬಾಯಿ ತೆರೆದೆ. ಗಂಗಕ್ಕ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ತಾನೇ ಮುಚ್ಚಿಕೊಂಡಿತು.

ಮರುದಿನ ಪರದೆಯಲ್ಲಿ ಮಕ್ಕಳ ಮುಖ ಮೂಡುವುದಕ್ಕೂ ಕೆಳಗೆ ಟ್ರ್ಯಾಕ್ಟರ್ ನಿಲ್ಲುವುದಕ್ಕೂ ಸರಿಹೋಯಿತು. ಹಮಾಲರ ಮಾತು, ಚೀಲ ಇಳಿಸುವ ಸಪ್ಪಳ, ಹೊಸ ಗೋಣಿಯ ವಾಸನೆ, ಎಲ್ಲ ಒಟ್ಟಿಗೆ ಮೇಲೆ ಬಂದವು. ಮೊದಲ ಹುಡುಗಿ ಎದ್ದು ಓದತೊಡಗಿದಳು. ಈ ಸಲ ರಾಗ ಬೇರೆ ಇತ್ತು. ಒಂದು ಪದ ಓಡುತ್ತಿತ್ತು, ಒಂದು ನಡೆಯುತ್ತಿತ್ತು, ಒಂದು ನಿಂತು ಉಸಿರು ತಗೊಳ್ಳುತ್ತಿತ್ತು. ಮಾತು ಮಾತಿನ ಹಾಗೆ ಕೇಳುತ್ತಿತ್ತು.

ಅಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ ಹಮಾಲ ಬೆನ್ನ ಮೇಲೆ ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದ. ಹಿಂದೆಯೇ ಸಾವಕಾರ್ರು. ಸರಿಯಾಗಿ ಆಗಲೇ ಹುಡುಗಿ ನಿಂತುಬಿಟ್ಟಳು. ಒಂದು ಬೋಳು ಅಕ್ಷರದ ಮುಂದೆ. ಖೋಲಿಯಲ್ಲಿ ಸದ್ದಿಲ್ಲ. ಆಚೆಗೂ ಸದ್ದಿಲ್ಲ.

"ನೆಟ್ ಹೋತು" ಎಂದು ರೇಣುಕಾ ಕೈ ಚಾಚಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಪರದೆಯೊಳಗೆ ಅವಳ ಹಿಂದೆ ಕೂತ ಮಗುವಿನ ಕುರ್ಚಿ ಕಿರ್ ಅಂದದ್ದು ನನಗೆ ಕೇಳಿಸಿತ್ತು, ನೆಟ್ ಹೋಗಿರಲಿಲ್ಲ.

"ಯಾಕ ನಿಂತಳು?" ಬಾಗಿಲಿನಿಂದ ಸಾವಕಾರ್ರು ಕೇಳಿದರು.

"ನೆನಪ ಮಾಡ್ಕೊಳ್ಳಾಕತ್ತಾಳ್ರಿ" ಅಂದೆ.

ಬೆರಳಿಟ್ಟರೆ ಉತ್ತರ ಅಲ್ಲೇ ಇತ್ತು. ಅವಳ ಬೆರಳು ಪರದೆಯ ತನಕ ಬಂತು, ಹಿಂದಕ್ಕೆ ಹೋಯಿತು. ಹಮಾಲ ಚೀಲದ ಭಾರಕ್ಕೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ವಾಲಿದ. ಸಾವಕಾರ್ರು ಅವನ ಎದೆಗೆ ಅಂಗೈ ಅಡ್ಡ ಹಿಡಿದು, ಜಪಾನಿಗೂ ಕೇಳುವಂತೆ ಹೇಳಿದರು, "ಯಾರೂ ಹೇಳಿ ಕೊಡಬ್ಯಾಡ್ರಿ ಅಕಿಗೆ."

ಯಾರೂ ಹೇಳಿಕೊಡಲಿಲ್ಲ. ಹುಡುಗಿ ತುಟಿ ಕಚ್ಚಿದಳು, ತಲೆ ಓರೆ ಮಾಡಿದಳು, ಆಮೇಲೆ ಆ ಪದವನ್ನು ಹೇಳಿದಳು. ಹೇಳಿ, ಮುಂದಿನ ಸಾಲನ್ನು ಒಂದೇ ಉಸಿರಿಗೆ ಓದಿಬಿಟ್ಟಳು. ಸಾವಕಾರ್ರ ಬಾಯಿಂದ "ಭೇಷ್" ಎಂಬ ಮಾತು ಹೊರಬಿತ್ತು, ಎಳೆಯದೆ, ಕಡಿದ ಹಾಗೆ.

ಓದು ಮುಗಿದ ಮೇಲೆ ಮಿದೋರಿ ಟೀಚರು ಪರದೆಯ ಹತ್ತಿರ ಬಂದು ಬಗ್ಗಿ ನಮಸ್ಕರಿಸಿದರು. ಹೊಸ ವರ್ಷದ ಪಾಠಗಳನ್ನೆಲ್ಲ ನಿಮಗೇ ಕಳಿಸುತ್ತೇವೆ ಎಂದರು. ಗಂಗಕ್ಕ ಜಪಾನಿಯಲ್ಲಿ ಏನೋ ಹೇಳಲು ಹೋಗಿ, ಕನ್ನಡದಲ್ಲಿ "ಚಲೋ ಆತ್ರಿ" ಅಂದುಬಿಟ್ಟಳು. ಅವರು ಅದಕ್ಕೂ ಬಗ್ಗಿ ನಮಸ್ಕರಿಸಿದರು.

ಆಮೇಲೆ ಗಂಗಕ್ಕ ಮಾವನ ಕಡೆ ತಿರುಗಲಿಲ್ಲ. ಗೋಡೆಯ ಹತ್ತಿರ ಕೂತು ಸುಮ್ಮನೆ ವೈರುಗಳನ್ನು ಬಿಚ್ಚಿ ಸುತ್ತತೊಡಗಿದಳು. ಕಡ್ಲಿ ಬಂದಿತ್ತು, ಮಾತು ಮಾತೇ. ಕೆಲಸ ಸಿಕ್ಕಿತು, ಕೂರುವ ಜಾಗ ಹೋಯಿತು. ಎರಡನೇ ಸಲ ಕೇಳುವುದಿಲ್ಲ ಅಂದವಳು ಕೇಳಲಿಲ್ಲ. ರೇಣುಕಾ ಮೇಜಿನ ಒಂದು ತುದಿ ಹಿಡಿದಳು. ನಾನು ಇನ್ನೊಂದು ತುದಿ ಹಿಡಿದೆ. ಅಷ್ಟು ಹೊತ್ತು ಯಾರ ದನಿಯನ್ನೂ ತೆಗೆಯದೆ ಸುಮ್ಮನಿದ್ದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ ಇರಬೇಕು.

"ಸಾವಕಾರ್ರ, ಎಲ್ಲಿ ಇಳಸಲಿ? ಬೆನ್ನು ಹೋತು" ಹಮಾಲ ಕೇಳಿದ.

ಸಾವಕಾರ್ರು ಸೊಸೆಯ ಕೈಯಲ್ಲಿದ್ದ ವೈರನ್ನು ನೋಡಿದರು, ಆರಿದ ಪರದೆಯನ್ನು ನೋಡಿದರು. "ಕೆಳಗ ಒಯ್ಯಿ. ಪಡಸಾಲ್ಯಾಗ ಹಾಕು."

"ಅಲ್ಲಿ ನೀವು ಮಲಗೂ ಹೊರಸು ಐತಿರಿ."

"ಹೊರಸು ಮ್ಯಾಲ ತಾ."

ಹೀಗೆ ಆ ವರ್ಷ ಕಡ್ಲಿ ಪಡಸಾಲೆಗೆ ಹೋಯಿತು, ಸಾವಕಾರ್ರ ಹೊರಸು ಮಾಳಿಗೆ ಹತ್ತಿತು. ಮಧ್ಯಾಹ್ನ ಊಟ ಮುಗಿಸಿ ಅವರು ಮೇಲೆ ಬಂದರು. ನಮ್ಮ ಮೇಜಿಗೆ ಕಾಲು ಮಾಡಿ ಮಲಗಿ, ಟವೆಲ್ಲನ್ನು ಮುಖಕ್ಕೆ ಹಾಕಿಕೊಂಡರು. ಗಂಗಕ್ಕ ವೈರುಗಳನ್ನು ಮತ್ತೆ ಸಿಕ್ಕಿಸಿ, ಸೆರಗು ಸರಿಮಾಡಿಕೊಂಡು, ಹೊಸ ಪಾಠ ತೆಗೆದಳು. ದೊಡ್ಡವರು ಮಲಗಿದ್ದಾರೆ ಅಂತ ನಾನು ಪಿಸುದನಿಯಲ್ಲಿ ಓದತೊಡಗಿದೆ. ಅರ್ಧ ಸಾಲೂ ಆಗಿರಲಿಲ್ಲ, ಟವೆಲ್ಲಿನ ಒಳಗಿಂದ ಮಾತು ಬಂತು.

"ಗಟ್ಟಿಯಾಗಿ ಓದೋ ಮಂಜ್ಯಾ. ಕೇಳಸವಲ್ದು."